‘ಹ್ಯಾಡ್’ ಎಲ್ಲಿ ಬೇಕು, ಎಲ್ಲಿ ಬೇಡ

ಪ್ರಶ್ನೆ: ‘ನಿನ್ನೆ ಅವನನ್ನು ನೋಡಿದ್ದೆ’ ಎನ್ನಲು ‘ಐ ಹ್ಯಾಡ್ ಸೀನ್ ಹಿಮ್ ಯೆಸ್ಟರ್ಡೇ’ ಎಂದು ಬರೆದರೆ ಸರಿಯೇ?

ಒಂಟಿ ವಾಕ್ಯವಾಗಿ ಸರಿಯಲ್ಲ. ಇದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಎಷ್ಟು ಬಾರಿ ಬಂದಿದೆಯೆಂದರೆ, ಈ ಸಲ ಉಳಿದವುಗಳನ್ನು ಬದಿಗೊತ್ತಿ ಇದಕ್ಕೇ ಹೆಚ್ಚು ಜಾಗ ಕೊಡುತ್ತಿದ್ದೇನೆ. ತಪ್ಪು ಹುಟ್ಟುವುದು ನಮ್ಮ ‘ಇದ್ದೆ’ಯಿಂದ. ಕನ್ನಡದಲ್ಲಿ ‘ನೋಡಿದೆ’, ‘ನೋಡಿದ್ದೆ’ ಎರಡೂ ನಿನ್ನೆಯ ಒಂದೇ ಸಂಗತಿಗೆ ಒಪ್ಪುತ್ತವೆ. ನಡೆದು ಮುಗಿದ ಯಾವ ವಿಷಯಕ್ಕೂ ‘ಹೋಗಿದ್ದೆ’, ‘ಬಂದಿದ್ದ’ ಎಂದು ಸಲೀಸಾಗಿ ಹೇಳಿಬಿಡುತ್ತೇವೆ. ಇಂಗ್ಲಿಷಿನ ‘ಹ್ಯಾಡ್’ಗೆ ಆಸರೆ ಬೇಕು: ಭೂತಕಾಲದ ಇನ್ನೊಂದು ಗಳಿಗೆ ಆ ವಾಕ್ಯದಲ್ಲೋ ಹಿಂದಿನ ಮಾತಿನಲ್ಲೋ ಇರಬೇಕು, ‘ಹ್ಯಾಡ್’ ಹೊತ್ತ ಕ್ರಿಯೆ ಅದಕ್ಕಿಂತ ಮೊದಲೇ ನಡೆದಿರಬೇಕು. ‘ವೆನ್ ಐ ರೀಚ್ಡ್ ದ ಸ್ಟೇಷನ್, ದ ಟ್ರೇನ್ ಹ್ಯಾಡ್ ಲೆಫ್ಟ್’ ಎಂದರೆ ನಾನು ತಲುಪುವಷ್ಟರಲ್ಲಿ ಹಳಿ ಖಾಲಿಯಾಗಿತ್ತು. ‘ಹ್ಯಾಡ್’ ಕಿತ್ತು ‘ದ ಟ್ರೇನ್ ಲೆಫ್ಟ್’ ಎಂದರೆ ನಾನು ತಲುಪಿದೆ, ಆಮೇಲೆ ರೈಲು ಹೊರಟಿತು. ನಿಮ್ಮ ವಾಕ್ಯದಲ್ಲಿ ಅಂಥ ಎರಡನೆಯ ಗಳಿಗೆಯೇ ಇಲ್ಲವಾದ್ದರಿಂದ ‘ಐ ಸಾ ಹಿಮ್ ಯೆಸ್ಟರ್ಡೇ’ ಸಾಕು.

‘ಹಾಗಾದರೆ ಹ್ಯಾವ್ ಸೀನ್ ಆಗಬಹುದೇ’ ಎಂದು ಮುಂದಿನ ಪತ್ರ ಬರುವ ಮೊದಲೇ ಹೇಳಿಬಿಡುತ್ತೇನೆ: ‘ಯೆಸ್ಟರ್ಡೇ’ಯಂತಹ ಮುಗಿದುಹೋದ ಹೊತ್ತನ್ನು ಹೆಸರಿಸಿದ ಮೇಲೆ ಅದೂ ಸಲ್ಲದು, ಏಕೆಂದರೆ ‘ಹ್ಯಾವ್’ ಹಿಂದೆ ನಡೆದುದನ್ನು ಈ ಹೊತ್ತಿಗೆ ತಂದು ಕಟ್ಟುತ್ತದೆ. ‘ಐ ಹ್ಯಾವ್ ಲಾಸ್ಟ್ ದ ಕೀ’ ಎನ್ನುವವನಿಗೆ ಬೀಗದ ಕೈ ಇನ್ನೂ ಸಿಕ್ಕಿಲ್ಲ. ‘ಐ ಲಾಸ್ಟ್ ದ ಕೀ’ ಎನ್ನುವವನಿಗೆ ಅಷ್ಟರಲ್ಲಿ ಸಿಕ್ಕಿರಲೂಬಹುದು. ಅಮೆರಿಕದ ಇಂಗ್ಲಿಷ್ ಈ ಭೇದದಲ್ಲಿ ತುಸು ಸಡಿಲವೆಂಬುದು ನಿಜ, ಆದರೆ ಪರೀಕ್ಷೆಯಲ್ಲಿ ಅದನ್ನು ನೆಪ ಮಾಡಿಕೊಳ್ಳಬೇಡಿ.

ಪ್ರಶ್ನೆ: ‘ಡಿಡ್ ನಾಟ್ ವೆಂಟ್’ ಏಕೆ ತಪ್ಪು?

ಭೂತಕಾಲದ ಹೊರೆಯನ್ನು ‘ಡಿಡ್’ ಆಗಲೇ ಹೊತ್ತಿದೆ. ಮುಂದೆ ‘ಗೋ’ ಮಾತ್ರ.

ಪ್ರಶ್ನೆ: ‘ಐ ಆಮ್ ನೋಯಿಂಗ್’ ಎನ್ನಬಹುದೇ?

ಬೇಡ. ತಿಳಿದಿರುವುದು ಒಂದು ಸ್ಥಿತಿ, ನಡೆಯುತ್ತಿರುವ ಕೆಲಸವಲ್ಲ. ‘ಐ ನೋ’ ಎನ್ನಿ.

ಪ್ರಶ್ನೆ: 12 ಕಾಲಗಳ ಕೋಷ್ಟಕವನ್ನು ಬಾಯಿಪಾಠ ಮಾಡಿದರೆ ತಿಂಗಳೊಳಗೆ ಇಂಗ್ಲಿಷ್ ಬರುತ್ತದೆ ಎಂದು ತರಗತಿ ನಡೆಸುವವರೊಬ್ಬರು ಹೇಳುತ್ತಾರೆ. ನಂಬಬಹುದೇ?

ಕೋಷ್ಟಕ ಬರುತ್ತದೆ, ಇಂಗ್ಲಿಷ್ ಬರುವುದಿಲ್ಲ. ಇಂಗ್ಲಿಷ್ ಕ್ರಿಯಾಪದ ತನ್ನ ರೂಪದಲ್ಲೇ ತೋರಿಸುವುದು ವರ್ತಮಾನ, ಭೂತ ಎಂಬ ಎರಡೇ ಕಾಲಗಳನ್ನು. ಮಿಕ್ಕವೆಲ್ಲ ‘ಬಿ’, ‘ಹ್ಯಾವ್’, ‘ವಿಲ್’ ಜೋಡಿಸಿ ಕಟ್ಟಿದವು, ಅವುಗಳಲ್ಲಿ ‘ವಿಲ್ ಹ್ಯಾವ್ ಬೀನ್ ಗೋಯಿಂಗ್’ ಎಂಬಂಥದ್ದು ದಿನಬಳಕೆಯಲ್ಲಿ ತೀರ ಅಪರೂಪ. ಆ ಹೊತ್ತಿನಲ್ಲಿ ‘ಸೀ, ಸಾ, ಸೀನ್’ ಬಗೆಯ ಅನಿಯತ ರೂಪಗಳನ್ನು ವಾಕ್ಯಗಳಲ್ಲಿಟ್ಟು ಬರೆಯಿರಿ. ಶುಲ್ಕ ಕಟ್ಟುವ ಮುನ್ನ, ಮೇಲಿನ ರೈಲಿನ ಎರಡು ವಾಕ್ಯಗಳಿಗೆ ಏನು ವ್ಯತ್ಯಾಸವೆಂದು ಅವರನ್ನೇ ಕೇಳಿ ನೋಡಿ.