ಬೋರ್ಡಿನಲ್ಲಿ ಅರ್ಥವಾದ ಲೆಕ್ಕವನ್ನು ಮಕ್ಕಳು ತಾವಾಗಿ ಮಾಡಲು ಏನು ಮಾಡಬೇಕು?

ಬೋರ್ಡಿನ ಮೇಲೆ ತೋರಿಸಿದಾಗ ಮೂರನೇ ತರಗತಿಯ ಮಕ್ಕಳೆಲ್ಲ ತಲೆಯಾಡಿಸುತ್ತಾರೆ, ನೋಟ್‌ಬುಕ್ ತೆಗೆದ ಕೂಡಲೇ ಸಾಲಿಗೊಮ್ಮೆ ‘ಮುಂದೇನು?’ ಅಂತ ಬರುತ್ತಾರೆ ಅಂದಿದ್ದೀರಿ. ನೀವು ಮಾಡಿ ತೋರಿಸುವುದಕ್ಕೂ ಅವರಿಗೆ ಹತ್ತು ಲೆಕ್ಕ ಕೊಡುವುದಕ್ಕೂ ನಡುವೆ ಮೆಟ್ಟಿಲೇ ಇಲ್ಲದಿದ್ದರೆ ಹೀಗೇ ಆಗುವುದು. ಲೆಕ್ಕವನ್ನು ಕೊನೆಯ ಹಂತದಿಂದ ಹಿಂದಕ್ಕೆ ಒಂದೊಂದಾಗಿ ಬಿಟ್ಟುಕೊಡಿ.

ಹತ್ತು ಬಿಚ್ಚಿ, ಅಂದರೆ ಒಂದು ಹತ್ತನ್ನು 10 ಬಿಡಿಗಳಾಗಿ ಮಾಡಿ, ಕಳೆಯುವ ಲೆಕ್ಕವನ್ನೇ ನೋಡಿ. 52−27 ಪೂರ್ತಿ ನೀವೇ ಮಾಡಿ, ಯೋಚನೆಯನ್ನೂ ಬಾಯಲ್ಲಿ ಹೇಳುತ್ತ: ‘2ರಲ್ಲಿ 7 ಹೋಗಲ್ಲ, ಒಂದು ಹತ್ತು ಬಿಚ್ಚಬೇಕು.’ 61−38ರಲ್ಲಿ ಹತ್ತರ ಸ್ಥಾನ ಕಳೆಯುವುದಷ್ಟೇ ಮಗುವಿಗೆ. 74−46ರಲ್ಲಿ ಹತ್ತು ಬಿಚ್ಚಿಕೊಟ್ಟು ಎರಡೂ ಸ್ಥಾನ ಕಳೆಯುವುದನ್ನು ಮಗುವಿಗೆ ಬಿಟ್ಟುಕೊಡಿ. 80−35ಕ್ಕೆ ‘ಕಳೆಯಲು ಬಿಡಿಗಳು ಸಾಕಾ?’ ಅಂತ ಕೇಳಿ ಸುಮ್ಮನಾಗಿ. ಆಮೇಲೆ ಕೊಡುವ ಲೆಕ್ಕಗಳ ನಡುವೆ ಹತ್ತು ಬಿಚ್ಚಬೇಕಿಲ್ಲದ 68−25 ಥರದ್ದನ್ನು ಸೇರಿಸಲೇಬೇಕು. ಇಲ್ಲದಿದ್ದರೆ ಕಂಡಲ್ಲೆಲ್ಲ ಹತ್ತು ಬಿಚ್ಚಿ, ಹತ್ತರಲ್ಲಿ 3, ಬಿಡಿಯಲ್ಲಿ 13 ಅಂತ 313 ಬರೆಯುತ್ತಾರೆ. ಯಾವಾಗ ಬಿಚ್ಚಬೇಕು ಅನ್ನುವ ತೀರ್ಮಾನವೇ ಈ ಲೆಕ್ಕದ ಜೀವ, ಅದನ್ನು ಕೊನೆಗೂ ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಬೇಡಿ.

52−27ಕ್ಕೆ 35 ಬರೆದರೆ ಮಗು ಬಿಡಿ ಸ್ಥಾನದಲ್ಲಿ ದೊಡ್ಡ ಅಂಕಿಯಿಂದ ಚಿಕ್ಕದನ್ನು (7ರಲ್ಲಿ 2) ಕಳೆದಿದೆ. ನಿಯಮ ಮತ್ತೆ ಹೇಳಿ ಪ್ರಯೋಜನವಿಲ್ಲ. ಹತ್ತು ಕಡ್ಡಿಗಳ 5 ಕಟ್ಟು, 2 ಬಿಡಿ ಕಡ್ಡಿ ಕೊಟ್ಟು ‘7 ಕಡ್ಡಿ ತೆಗೆದುಕೊಡು’ ಅನ್ನಿ, ಕಟ್ಟು ಬಿಚ್ಚದೆ ಆಗುವುದಿಲ್ಲ. ಬಿಚ್ಚಿದಾಗಲೇ 5 ಹೊಡೆದು 4 ಬರೆಸಿ. ಕಡ್ಡಿ ಇವತ್ತು, ಬರಹ ನಾಳೆ ಅಂತ ಬೇರೆ ಮಾಡಿದರೆ ಎರಡಕ್ಕೂ ಸಂಬಂಧ ಕಾಣುವುದಿಲ್ಲ. ಮುಂದೆ ಕಡ್ಡಿ ಬಿಟ್ಟು ಚಿತ್ರ, ಚಿತ್ರ ಬಿಟ್ಟು ಬರೀ ಅಂಕಿ. ಕಡ್ಡಿಯನ್ನೂ ನಿಮ್ಮ ಸೂಚನೆಯನ್ನೂ ಒಂದೇ ದಿನ ನಿಲ್ಲಿಸಬೇಡಿ.

ಸಹಾಯ ಕೇಳಿದರೆ ಮೊದಲು ‘ಎಲ್ಲಿವರೆಗೆ ಬಂತು, ಹೇಳು’ ಅನ್ನಿ. ಎಷ್ಟೋ ಮಕ್ಕಳು ಹೇಳುತ್ತಲೇ ದಾರಿ ಹಿಡಿಯುತ್ತಾರೆ. ಆಗದಿದ್ದರೆ ಮಾಡಿಟ್ಟ ಲೆಕ್ಕ ತೋರಿಸಿ. ಅದಕ್ಕೂ ಆಗದಿದ್ದರೆ ಸಿಕ್ಕಿಬಿದ್ದ ಹಂತವೊಂದನ್ನೇ ಹೇಳಿ. ಪೆನ್ಸಿಲ್ ಮಾತ್ರ ಅವರ ಕೈಯಲ್ಲೇ ಇರಲಿ. ‘ಸರೀನಾ?’ ಅಂತ ಬಂದರೆ ಉತ್ತರಕ್ಕೆ ಕಳೆದದ್ದನ್ನು ಕೂಡಿಸಿ ನೋಡಲಿ: 25+27 ಮತ್ತೆ 52 ಆಗಬೇಕು.

ಎರಡಂಕಿಯಲ್ಲಿ ಪಳಗಿದವರೂ 403−178ಕ್ಕೆ ಬಂದಾಗ ತಡವರಿಸುತ್ತಾರೆ. ಹತ್ತರ ಸ್ಥಾನದಲ್ಲಿ ಬಿಚ್ಚಲು ಏನೂ ಇಲ್ಲವಲ್ಲ. ಅಲ್ಲಿ ಮತ್ತೆ ನೀವೇ ಪೂರ್ತಿ ಮಾಡಿ ತೋರಿಸಿ: ಒಂದು ನೂರು ಬಿಚ್ಚಿ 10 ಹತ್ತು, ಅದರಲ್ಲೊಂದು ಬಿಚ್ಚಿ 13 ಬಿಡಿ, ಉಳಿದದ್ದು 9 ಹತ್ತು. ಈ ಸಲ ಬಿಟ್ಟುಕೊಡುವುದು ಬೇಗ ಮುಗಿಯುತ್ತದೆ, ಹೊಸದು ಆ ಒಂದು ಹಂತ ಅಷ್ಟೇ.