ವಿಗ್ರಹಕ್ಕೆ ಅರ್ಪಿಸಿದ ಮಾಂಸ: ಪೌಲ ತಿನ್ನಿ ಅಂದನಾ, ಬೇಡ ಅಂದನಾ?

ನಿಮ್ಮ ಪ್ರಶ್ನೆಯನ್ನು ನನ್ನ ಮಾತಿನಲ್ಲಿ ಒಮ್ಮೆ ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ. ಬೈಬಲಿನಲ್ಲಿ, ಯೇಸುವಿನ ಅಪೊಸ್ತಲ ಪೌಲ ಗ್ರೀಸಿನ ಕೊರಿಂಥ ಊರಿನ ಕ್ರೈಸ್ತರಿಗೆ ಬರೆದ ಮೊದಲನೆಯ ಪತ್ರದ 8ನೇ ಅಧ್ಯಾಯದಲ್ಲಿ ವಿಗ್ರಹ ಅನ್ನುವುದು ಏನೂ ಅಲ್ಲ ಅನ್ನುತ್ತಾನೆ. 10ನೇ ಅಧ್ಯಾಯಕ್ಕೆ ಬಂದರೆ, ಅದಕ್ಕೆ ಕೊಟ್ಟ ಬಲಿ ದೆವ್ವಗಳಿಗೆ ಹೋಗುತ್ತದೆ ಅನ್ನುತ್ತಾನೆ. ಅಲ್ಲಿಂದ ಐದು ವಚನ ದಾಟಿದರೆ, ಕಟುಕರ ಅಂಗಡಿಯಲ್ಲಿ ಸಿಗುವುದನ್ನು ಏನೂ ಕೇಳದೆ ತಿನ್ನಿ ಅನ್ನುತ್ತಾನೆ. ಒಂದೇ ಪತ್ರ, ಮೂರು ಮಾತು. ಯಾವುದನ್ನು ನಂಬಬೇಕು, ಅವನು ಯೆಹೂದ್ಯನಾಗಿ ಬರೆದನಾ ಗ್ರೀಕರ ಹಾಗೆ ಬರೆದನಾ ಅಂತ ಕೇಳಿದ್ದೀರಿ. ಜೊತೆಗೆ, ಪಕ್ಕದ ಮನೆಯವರು ಕೊಡುವ ಹರಕೆ ಕುರಿಯ ಮಾಂಸದ ಬಗ್ಗೆಯೂ ಒಂದು ಸಾಲು ಸೇರಿಸಿದ್ದೀರಿ.

ನಾನು ಪಾದ್ರಿ ಅಲ್ಲ. ಗ್ರೀಕ್ ಕಲಿತು ಈ ಪತ್ರಗಳನ್ನು ಬಹಳ ವರ್ಷಗಳಿಂದ ಓದುತ್ತಾ ಬಂದವನು, ಅಷ್ಟೇ. ಹಾಗಾಗಿ ಓದುವ ಬಗೆಯನ್ನು ಹೇಳಬಲ್ಲೆ, ಅಪ್ಪಣೆ ಕೊಡಲಾರೆ.

ನಾಳೆ ನೀವು ಈ ಪ್ರಶ್ನೆಯನ್ನು ಅಳಿಸಿಬಿಟ್ಟಿರಿ ಅಂದುಕೊಳ್ಳಿ. ಆಗ ನನ್ನ ಉತ್ತರ ಮಾತ್ರ ಉಳಿಯುತ್ತದೆ. ಅದರಲ್ಲಿ ನಿಮ್ಮ ಮಾತುಗಳನ್ನೇ ಎತ್ತಿ ಆಡಿರುತ್ತೇನೆ, ಅಲ್ಲಲ್ಲಿ ಸ್ವಲ್ಪ ಕೊಂಕೂ ಇರುತ್ತದೆ. ಆಮೇಲೆ ಬಂದು ಓದಿದವರು ಅದೆಲ್ಲ ನನ್ನದೇ ಅಭಿಪ್ರಾಯ ಅಂದುಕೊಳ್ಳುತ್ತಾರೆ. ಪೌಲನಿಗೆ ಆಗಿರುವುದು ಅದೇ. ಕೊರಿಂಥದವರು ಅವನಿಗೆ ಒಂದು ಕಾಗದ ಬರೆದಿದ್ದರು. ‘ನೀವು ಬರೆದ ಸಂಗತಿಗಳ ಬಗ್ಗೆ’ ಅಂತ 7:1ರಲ್ಲಿ (7ನೇ ಅಧ್ಯಾಯ, 1ನೇ ವಚನ) ಅವನೇ ಹೇಳುತ್ತಾನೆ. ಆ ಕಾಗದ ಉಳಿದಿಲ್ಲ. ಅದಕ್ಕೂ ಮುಂಚೆ ಪೌಲನೇ ಅವರಿಗೆ ಇನ್ನೊಂದು ಪತ್ರ ಬರೆದಿದ್ದ (5:9 ನೋಡಿ). ಅದೂ ಉಳಿದಿಲ್ಲ. ನಾವು ‘ಮೊದಲನೆಯ ಪತ್ರ’ ಅನ್ನುವುದು ನಿಜಕ್ಕೂ ನಡುವೆ ಎಲ್ಲೋ ಬರುವ ಪತ್ರ.

7ನೇ ಅಧ್ಯಾಯದಿಂದ ಆಚೆಗೆ ಹೊಸ ವಿಷಯ ತೆಗೆದಾಗ ಹಲವು ಸಲ ಅವನು ‘ಪೆರಿ ದೆ’ ಅನ್ನುತ್ತಾನೆ, ಅಂದರೆ ‘ಇನ್ನು ಇಂಥದರ ಬಗ್ಗೆ’ ಅಂತ. 8:1 ಹಾಗೇ ಶುರುವಾಗುತ್ತದೆ. ಆಮೇಲೆ ಬರುವ ‘ನಮಗೆಲ್ಲ ತಿಳುವಳಿಕೆ ಇದೆ’, ‘ವಿಗ್ರಹ ಏನೂ ಅಲ್ಲ’, ‘ದೇವರು ಒಬ್ಬನೇ’ ಅನ್ನುವುದೆಲ್ಲ ಕೊರಿಂಥದವರ ಘೋಷಣೆಗಳು ಅಂತ ಇವತ್ತಿನ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಹಳೇ ಗ್ರೀಕ್ ಪ್ರತಿಗಳಲ್ಲಿ ಉದ್ಧರಣ ಚಿಹ್ನೆ ಇಲ್ಲ, ಪದಗಳ ನಡುವೆ ಜಾಗ ಕೂಡ ಇಲ್ಲ. ಯಾರ ಮಾತು ಎಲ್ಲಿ ಮುಗಿಯಿತು ಅಂತ ನಾವೇ ಊಹಿಸಬೇಕು.

ಇದನ್ನು ನಾನು ಮುಖಭಂಗ ಮಾಡಿಕೊಂಡೇ ಕಲಿತೆ. ವರ್ಷಗಳ ಹಿಂದೆ ಒಂದು ಬೈಬಲ್ ಅಧ್ಯಯನದಲ್ಲಿ ‘ನಮಗೆಲ್ಲ ತಿಳುವಳಿಕೆ ಇದೆ’ ಅನ್ನುವುದರ ಮೇಲೆ ಅರ್ಧ ಗಂಟೆ ಮಾತಾಡಿದ್ದೆ. ಹಿಂದೆ ಕೂತಿದ್ದ ಒಬ್ಬ ಅಜ್ಜಿ ಬೆರಳಿಟ್ಟು ತೋರಿಸಿದರು: ‘ಏಳನೇ ವಚನ ಓದಪ್ಪ.’ ಅಲ್ಲಿ ಹೀಗಿದೆ: ಆದರೆ ಈ ತಿಳುವಳಿಕೆ ಎಲ್ಲರಿಗೂ ಇಲ್ಲ. ಎರಡೂ ಪೌಲನದೇ ಮಾತಾದರೆ ಆರೇ ವಚನದಲ್ಲಿ ತನ್ನನ್ನು ತಾನೇ ಸುಳ್ಳು ಮಾಡಿಕೊಂಡ ಹಾಗಾಯಿತು. ಮೊದಲನೆಯದು ಅವರದು, ಎರಡನೆಯದು ಇವನದು ಅಂತ ಓದಿದರೆ ಸರಿಹೋಗುತ್ತದೆ.

ಈಗ ಆ ಊರಿಗೆ ಬನ್ನಿ. ಹಳೇ ಕೊರಿಂಥವನ್ನು ರೋಮನ್ನರು ಕ್ರಿ.ಪೂ. 146ರಲ್ಲಿ ಹಾಳು ಮಾಡಿದ್ದರು. ಕ್ರಿ.ಪೂ. 44ರಲ್ಲಿ ಯೂಲಿಯಸ್ ಸೀಸರ್ ಅದನ್ನು ರೋಮನ್ ವಸಾಹತಾಗಿ ಮತ್ತೆ ಕಟ್ಟಿಸಿದ. ಎರಡು ಕಡೆ ಎರಡು ಬಂದರು, ಜನ ಎಲ್ಲಿಂದೆಲ್ಲಿಂದಲೋ ಬಂದವರು. ಪೌಲ ಎಫೆಸದಿಂದ ಈ ಪತ್ರ ಬರೆದದ್ದು ಕ್ರಿ.ಶ. 54ರ ಆಸುಪಾಸು. ಊರಿನ ತುಂಬಾ ಗುಡಿಗಳು, ಗುಡಿ ಅಂದರೆ ಬಲಿ. ಗ್ರೀಕ್ ಪದ್ಧತಿಯಲ್ಲಿ ಮೂಳೆ, ಕೊಬ್ಬು ಸುಟ್ಟು ಹೊಗೆ ದೇವರಿಗೆ, ಪೂಜಾರಿಗೆ ಅವನ ಪಾಲು, ಉಳಿದ ಮಾಂಸ ಜನರಿಗೆ. ಒಂದಿಷ್ಟು ಅಲ್ಲೇ ಬೇಯುತ್ತದೆ, ಒಂದಿಷ್ಟು ಮಾರುಕಟ್ಟೆಗೆ ಹೋಗುತ್ತದೆ. ಯೂರೋಪಿನ ವ್ಯಾಖ್ಯಾನಕಾರರು ಇದನ್ನು ಓದುಗರಿಗೆ ಬಿಡಿಸಿ ಹೇಳುವುದಕ್ಕೆ ಪುಟಗಟ್ಟಲೆ ಕಷ್ಟಪಡುತ್ತಾರೆ. ಮಾರಿಹಬ್ಬ ನೋಡಿ ಬೆಳೆದವರಿಗೆ ಒಂದು ಸಾಲು ಸಾಕು.

ನಮಗೆ ಹೊಸದಾಗಿ ಕಾಣುವುದು ಗುಡಿಯ ಊಟದ ಕೋಣೆ. ಕೊರಿಂಥದಲ್ಲಿ ವೈದ್ಯದೇವರು ಅಸ್ಕ್ಲೇಪಿಯಸನ ಗುಡಿಯ ಆವರಣದಲ್ಲಿ ಸಾಲಾಗಿ ಮೂರು ಕೋಣೆ ಸಿಕ್ಕಿವೆ. ಒಂದೊಂದರಲ್ಲೂ ಗೋಡೆ ಪಕ್ಕ 11 ಮಂಚ ಹಿಡಿಸುವಷ್ಟು ಜಾಗ. ಮಲಗಿಕೊಂಡು ಉಣ್ಣುವುದು ಅವರ ರೂಢಿ. ಪೌಲನ ಕಾಲದಲ್ಲೂ ಇವೇ ಕೋಣೆಗಳು ಬಳಕೆಯಲ್ಲಿದ್ದವಾ ಅಂತ ತಜ್ಞರಲ್ಲಿ ಜಗಳ ಇದೆ. ಆದರೆ 8:10ರಲ್ಲಿ ಅವನು ಹೇಳುವುದು ಇಂಥದೇ ದೃಶ್ಯ: ತಿಳುವಳಿಕೆ ಇರುವ ನೀನು ವಿಗ್ರಹದ ಗುಡಿಯಲ್ಲಿ ಊಟಕ್ಕೆ ಒರಗಿರುವುದನ್ನು ಒಬ್ಬ ನೋಡಿದರೆ? ಕನ್ನಡದಲ್ಲಿ ‘ಊಟಕ್ಕೆ ಕೂತಿರುವುದು’ ಅನ್ನುತ್ತೇವೆ, ಗ್ರೀಕಿನಲ್ಲಿ ಇರುವುದು ಒರಗಿರುವುದೇ.

ಇಂಥ ಊಟಕ್ಕೆ ಕರೆಯುವ ಚೀಟಿಗಳು ಈಜಿಪ್ಟಿನ ಆಕ್ಸಿರಿಂಖಸ್ ಊರಿನ ಕಸದ ಗುಡ್ಡೆಗಳಲ್ಲಿ ಸಿಕ್ಕಿವೆ. ಪೌಲನಿಗಿಂತ ಸುಮಾರು ನೂರು ವರ್ಷ ಈಚಿನವು, ಅಂಗೈ ಅಗಲವೂ ಇಲ್ಲ. ಒಂದರ ಸಾರಾಂಶ ಇಷ್ಟು: ನಾಳೆ, ಅಂದರೆ 15ನೇ ತಾರೀಖು, ಒಂಬತ್ತನೇ ತಾಸಿಗೆ, ಸರಾಪಿಸ್ ಅನ್ನುವ ದೇವರ ಗುಡಿಯಲ್ಲಿ, ಪ್ರಭು ಸರಾಪಿಸನ ಊಟಕ್ಕೆ ಖೈರೆಮೋನ್ ನಿಮ್ಮನ್ನು ಕರೆಯುತ್ತಾನೆ. ಒಂಬತ್ತನೇ ತಾಸು ಅಂದರೆ ನಮ್ಮ ಮಧ್ಯಾಹ್ನ ಮೂರರ ಹೊತ್ತು. ನಮ್ಮ ನಾಮಕರಣದ ಆಮಂತ್ರಣಕ್ಕೂ ಇದಕ್ಕೂ ಜಾಸ್ತಿ ವ್ಯತ್ಯಾಸ ಇಲ್ಲ. ಹೋಗದಿದ್ದರೆ ನೆಂಟಸ್ತಿಕೆ ಕೆಡುತ್ತದೆ, ವ್ಯಾಪಾರ ಕೆಡುತ್ತದೆ. ಆದರೆ ‘ಪ್ರಭು ಸರಾಪಿಸನ ಊಟ’ ಅನ್ನುವುದನ್ನು ಇನ್ನೊಮ್ಮೆ ಓದಿ. ಆಮೇಲೆ 10:21 ತೆಗೆಯಿರಿ. ಕರ್ತನ ಮೇಜು, ದೆವ್ವಗಳ ಮೇಜು, ಎರಡರಲ್ಲೂ ಪಾಲು ತೆಗೆದುಕೊಳ್ಳಲಾರಿರಿ ಅಂತ ಇದೆ. ಕರ್ತ, ಪ್ರಭು, ಎರಡಕ್ಕೂ ಗ್ರೀಕಿನಲ್ಲಿ ಒಂದೇ ಪದ, ‘ಕುರಿಯೋಸ್’. ಅಲ್ಲಿ ಊಟ ಕೊಡುತ್ತಿರುವವನು ಆ ದೇವರು. ಕರೆದವನ ಮೇಜಿನಲ್ಲಿ ಉಂಡವನು ಅವನ ಕಡೆಯವನು.

ಈಗ ಒಂದು ಪದ. 8:1ರಲ್ಲಿ ಪೌಲ ಈ ಮಾಂಸಕ್ಕೆ ‘ಎಯ್ದೋಲೋಥುತೋನ್’ ಅನ್ನುತ್ತಾನೆ, ಅಂದರೆ ಎಯ್ದೋಲೋನಿಗೆ ಕೊಟ್ಟ ಬಲಿ. ಯಾವ ಗ್ರೀಕ್ ಭಕ್ತನೂ ತನ್ನ ದೇವರ ಬಲಿಯನ್ನು ಹಾಗೆ ಕರೆಯುತ್ತಿರಲಿಲ್ಲ. ‘ಎಯ್ದೋಲೋನ್’ ಅಂದರೆ ನೆರಳು, ಭ್ರಮೆಯ ಆಕಾರ. ಹಳೇ ಗ್ರೀಕ್ ಕವಿ ಹೋಮರನ ಕಾವ್ಯದಲ್ಲಿ ಸತ್ತವರ ಛಾಯೆಗೆ ಈ ಪದ. ಗ್ರೀಕ್ ಮಾತಾಡುವ ಯೆಹೂದ್ಯರು ಅದನ್ನೇ ಎತ್ತಿಕೊಂಡು ಬೇರೆಯವರ ದೇವರುಗಳಿಗೆ ಅಂಟಿಸಿದರು. ಭಕ್ತರು ತಾವು ಹೇಳುತ್ತಿದ್ದದ್ದು ‘ಹಿಯೆರೋಥುತೋನ್’, ದೇವರಿಗೆ ಅರ್ಪಿಸಿದ ಪವಿತ್ರ ಬಲಿ ಅಂತ. ಕನ್ನಡ ಬೈಬಲಿನಲ್ಲಿ ‘ವಿಗ್ರಹಕ್ಕೆ ನೈವೇದ್ಯ ಮಾಡಿದ್ದು’ ಅಂತ ಓದಿದಾಗ ಈ ಚುಚ್ಚು ನಮಗೆ ಗೊತ್ತೇ ಆಗುವುದಿಲ್ಲ. ನೈವೇದ್ಯ ಅನ್ನುವುದು ಪೂಜಾರಿಯದೇ ಪದ, ಗೌರವದ ಪದ. ವಿಗ್ರಹ ಅಂದರೂ ಯಾರಿಗೂ ಬೇಜಾರಿಲ್ಲ. ಅನುವಾದಕರದು ತಪ್ಪು ಅನ್ನುತ್ತಿಲ್ಲ, ನನಗೂ ಅದಕ್ಕಿಂತ ಒಳ್ಳೆಯ ಪದ ಹೊಳೆದಿಲ್ಲ.

ಇನ್ನೂ ಸ್ವಾರಸ್ಯ 10:28ರಲ್ಲಿದೆ. ಅನ್ಯಜನರ ಮನೆಗೆ ಊಟಕ್ಕೆ ಹೋಗಿದ್ದೀರಿ, ಬಡಿಸಿದ್ದನ್ನು ತಿನ್ನಿ. ಆದರೆ ಯಾರಾದರೂ ‘ಇದು ಬಲಿಯದು’ ಅಂತ ಹೇಳಿದರೆ ಬಿಡಿ. ಹಾಗೆ ಹೇಳುವವನ ಬಾಯಿಯಲ್ಲಿ ಪೌಲ ಇಟ್ಟಿರುವ ಪದ ಎಯ್ದೋಲೋಥುತೋನ್ ಅಲ್ಲ, ಹಿಯೆರೋಥುತೋನ್. ಹಳೆಯ, ಒಳ್ಳೆಯ ಪ್ರತಿಗಳಲ್ಲಿ ಹೀಗಿದೆ. ಮುಂದೆ ನಕಲು ಮಾಡಿದ ಕೆಲವರು ಇದನ್ನೂ ಎಯ್ದೋಲೋಥುತೋನ್ ಅಂತ ತಿದ್ದಿಬಿಟ್ಟರು, ಚಿತ್ರ ಹಾಳಾಯಿತು. ಆ ಪದ ಆಡುವವನು ಭಕ್ತ, ಇಲ್ಲವೇ ಅವನಿಗೆ ನೋವಾಗದ ಹಾಗೆ ಮಾತಾಡುವ ಯಾರೋ. ಮೊದಲನೆಯದೇ ಅಂತ ನನ್ನ ಲೆಕ್ಕ.

ಹಾಗಾದರೆ ಯೆಹೂದ್ಯನ ಪಾಲು ಎಲ್ಲಿ? ವಾದ ಮಾಡುವ ರೀತಿಯಲ್ಲೇ ಇದೆ. ಕ್ರಿ.ಶ. 200ರ ಸುಮಾರಿಗೆ ಸಂಗ್ರಹವಾದ ಮಿಷ್ನಾದಲ್ಲಿ, ಅಂದರೆ ಯೆಹೂದ್ಯರ ಧರ್ಮನಿಯಮಗಳ ಗ್ರಂಥದಲ್ಲಿ, ಒಂದು ಕಥೆ ಇದೆ. ಯೆಹೂದ್ಯ ಗುರು ರಬ್ಬಾನ್ ಗಮಲಿಯೇಲ್ ಅಕ್ಕೋ ಊರಿನಲ್ಲಿ, ಗ್ರೀಕ್ ದೇವತೆ ಅಫ್ರೋದಿತೆಯ ವಿಗ್ರಹವಿದ್ದ ಸ್ನಾನಗೃಹದಲ್ಲಿ ಮೀಯುತ್ತಿದ್ದ. (ಇವನು ಪೌಲನ ಗುರು ಅನ್ನುವ ಗಮಲಿಯೇಲ್ ಅಲ್ಲ, ಅವನ ಮೊಮ್ಮಗ.) ನಿಮ್ಮ ಧರ್ಮಶಾಸ್ತ್ರ ಬೇಡ ಅನ್ನುತ್ತದಲ್ಲ, ಇಲ್ಲಿ ಹೇಗೆ ಮೀಯುತ್ತೀರಿ ಅಂತ ಒಬ್ಬ ಕೇಳಿದ. ಗಮಲಿಯೇಲ್ ಹೊರಗೆ ಬಂದ ಮೇಲೆ ಉತ್ತರ ಕೊಟ್ಟ: ನಾನು ಅವಳ ಜಾಗಕ್ಕೆ ಬಂದಿಲ್ಲ, ಅವಳೇ ನನ್ನ ಜಾಗಕ್ಕೆ ಬಂದಿದ್ದಾಳೆ. ಅಫ್ರೋದಿತೆಗೆ ಅಲಂಕಾರ ಅಂತ ಯಾರೂ ಸ್ನಾನಗೃಹ ಕಟ್ಟಲಿಲ್ಲ, ಸ್ನಾನಗೃಹಕ್ಕೆ ಅಲಂಕಾರ ಅಂತ ಅವಳನ್ನು ನಿಲ್ಲಿಸಿದರು. ಅದೇ ಭಾಗದಲ್ಲಿ ರಬ್ಬಿ (ಯೆಹೂದ್ಯ ಧರ್ಮಗುರು) ಅಕೀವನ ಮಾತೂ ಇದೆ. ವಿಗ್ರಹದ ಜಾಗಕ್ಕೆ ಒಳಗೆ ಹೋಗುತ್ತಿರುವ ಮಾಂಸದಿಂದ ಲಾಭ ಪಡೆದರೆ ತಪ್ಪಿಲ್ಲ, ಅಲ್ಲಿಂದ ಹೊರಗೆ ಬಂದದ್ದರಿಂದ ಪಡೆಯುವಂತಿಲ್ಲ.

ಈ ಮಾತುಗಳು ಪೌಲನ ನಂತರದವು. ಅವನಿಗೆ ಇವು ಗೊತ್ತಿದ್ದವು ಅಂದುಕೊಂಡರೆ ತಪ್ಪಾಗುತ್ತದೆ, ಎಷ್ಟೋ ಜನ ಪ್ರಸಂಗಗಳಲ್ಲಿ ಹಾಗೇ ಮಾಡುತ್ತಾರೆ. ನಾನು ತೋರಿಸುವುದು ಮನಸ್ಸಿನ ಜಾಡನ್ನು ಮಾತ್ರ. ಈ ರಬ್ಬಿಗಳು ವಸ್ತು ಏನು ಅಂತ ಕೇಳಿ ಸುಮ್ನೆ ಬಿಡುವುದಿಲ್ಲ. ಎಲ್ಲಿ, ಯಾಕೆ, ಯಾರ ಎದುರಿಗೆ ಅಂತ ಕೇಳುತ್ತಾರೆ. ಪೌಲನೂ ಅದನ್ನೇ ಮಾಡುತ್ತಾನೆ. ಗುಡಿಯ ಮೇಜಿನಲ್ಲಾದರೆ ಬೇಡ. ಅಂಗಡಿಯಲ್ಲಾದರೆ ಕೇಳದೆ ಕೊಂಡುಕೊಳ್ಳಿ. ಸ್ನೇಹಿತನ ಮನೆಯಲ್ಲಾದರೆ ತಿನ್ನಿ, ಯಾರಾದರೂ ಬಾಯಿಬಿಟ್ಟು ಹೇಳಿದರೆ ಬಿಡಿ. ನಿಮಗೆ ವಿರೋಧ ಅಂತ ಕಂಡದ್ದು ಮೂರು ಜಾಗಕ್ಕೆ ಕೊಟ್ಟ ಮೂರು ಉತ್ತರ. ಅಂಗಡಿಯದಕ್ಕೆ ಅವನು ಕೊಡುವ ಆಧಾರವೂ 24ನೇ ಕೀರ್ತನೆಯ ಸಾಲು: ಭೂಮಿಯೂ ಅದರಲ್ಲಿರುವುದೆಲ್ಲವೂ ಕರ್ತನದು. ದೇವರಿಗೆ ಸ್ತೋತ್ರ ಹೇಳದೆ ಏನನ್ನೂ ಬಾಯಿಗೆ ಹಾಕಬಾರದು ಅನ್ನುವುದಕ್ಕೆ ರಬ್ಬಿಗಳು ತೋರಿಸುವ ಸಾಲೂ ಅದೇ. ಆದರೆ ‘ಏನೂ ಕೇಳಬೇಡಿ’ ಅನ್ನುವುದಿದೆಯಲ್ಲ, ಅದನ್ನು ಕೇಳಿದರೆ ಹೆಚ್ಚಿನ ಯೆಹೂದ್ಯರು ಹೌಹಾರುತ್ತಿದ್ದರು. ಕೇಳುವುದೇ ಅವರಿಗೆ ಧರ್ಮ.

ದೆವ್ವಗಳ ವಿಷಯಕ್ಕೂ ಬೇರು ಅಲ್ಲೇ ಇದೆ. ಧರ್ಮೋಪದೇಶಕಾಂಡ 32:17ರ ಗ್ರೀಕ್ ಅನುವಾದದಲ್ಲಿ, ಇಸ್ರಾಯೇಲ್ಯರು ದೇವರಿಗಲ್ಲ, ‘ದೈಮೋನಿಯ’ಗಳಿಗೆ ಬಲಿ ಕೊಟ್ಟರು ಅಂತ ಇದೆ. 10:20 ಹೆಚ್ಚು ಕಡಿಮೆ ಆ ಸಾಲೇ. ಗ್ರೀಕರಿಗೆ ದೈಮೋನ್ ಅಂದರೆ ಕೆಟ್ಟದ್ದೇ ಆಗಬೇಕಿಲ್ಲ, ಒಂದು ಬಗೆಯ ದೈವ ಅಷ್ಟೇ. ಕರಾವಳಿಯವರಿಗೆ ‘ದೈವ’, ‘ಭೂತ’ ಅನ್ನುವ ಪದಗಳಲ್ಲಿ ಇಂಥದೇ ಎರಡು ಮುಖ ಗೊತ್ತಿದೆ. ಹಾಗಾಗಿ ವಿಗ್ರಹ ಏನೂ ಅಲ್ಲ ಅನ್ನುವುದನ್ನು ಪೌಲ ಹಿಂದಕ್ಕೆ ತೆಗೆದುಕೊಂಡಿಲ್ಲ. ಕಲ್ಲು ಬರೀ ಕಲ್ಲೇ, ಆದರೆ ಆ ಮೇಜಿನ ಹಿಂದೆ ಇನ್ನೇನೋ ಇದೆ ಅಂತ ಸೇರಿಸಿದ್ದಾನೆ.

ಯೆಹೂದ್ಯನಾ ಗ್ರೀಕನಾ ಅನ್ನುವುದಕ್ಕೆ 8:6ನ್ನು ನೋಡಿ. ನಮಗಾದರೋ ಒಬ್ಬನೇ ದೇವರು, ತಂದೆ, ಅವನಿಂದಲೇ ಎಲ್ಲವೂ. ಒಬ್ಬನೇ ಕರ್ತನು, ಯೇಸು ಕ್ರಿಸ್ತ, ಅವನ ಮೂಲಕ ಎಲ್ಲವೂ. ಯೆಹೂದ್ಯರು ದಿನಕ್ಕೆ ಎರಡು ಸಲ ಹೇಳುವ ಶೆಮಾ, ‘ಇಸ್ರಾಯೇಲೇ ಕೇಳು, ನಮ್ಮ ದೇವರಾದ ಕರ್ತನು ಒಬ್ಬನೇ’ ಅನ್ನುವುದನ್ನು ಅವನು ಎರಡಾಗಿ ಬಿಡಿಸಿದ್ದಾನೆ. ದೇವರು ಅನ್ನುವುದು ತಂದೆಗೆ, ಕರ್ತ ಅನ್ನುವುದು ಯೇಸುವಿಗೆ. ಆದರೆ ‘ಅವನಿಂದ’, ‘ಅವನ ಮೂಲಕ’ ಅನ್ನುವ ವಿಭಕ್ತಿಯ ಆಟ ಗ್ರೀಕ್ ತತ್ವಜ್ಞಾನಿಗಳದು. ಮುಂದೆ ರೋಮನ್ ಚಕ್ರವರ್ತಿ ಮಾರ್ಕಸ್ ಔರೇಲಿಯಸ್ ಪ್ರಕೃತಿಗೆ ನಿನ್ನಿಂದ ಎಲ್ಲವೂ, ನಿನ್ನಲ್ಲಿ ಎಲ್ಲವೂ, ನಿನ್ನ ಕಡೆಗೆ ಎಲ್ಲವೂ ಅಂತ ಬರೆದ. ಹೂರಣ ಎಲ್ಲಿ, ಕಣಕ ಎಲ್ಲಿ ಅಂತ ಬಿಡಿಸಲು ಹೋದರೆ ಒಬ್ಬಟ್ಟೇ ಹರಿಯುತ್ತದೆ.

ಇನ್ನೊಂದು ತಪ್ಪು ತುಂಬಾ ಕೇಳುತ್ತೇನೆ: 8ನೇ ಅಧ್ಯಾಯದ ‘ಬಲಹೀನರು’, ಅಂದರೆ ಈ ಮಾಂಸ ತಿಂದರೆ ಮನಸ್ಸಾಕ್ಷಿ ಕೆಡುವವರು, ಯೆಹೂದ್ಯರು ಅಂತ. 8:7 ಓದಿ. ಅವರು ಇಲ್ಲಿಯವರೆಗೆ ವಿಗ್ರಹದ ರೂಢಿಯಲ್ಲಿದ್ದವರು. ಅಂದರೆ ಹೊಸದಾಗಿ ಸಭೆಗೆ ಬಂದ ಗ್ರೀಕರು. ತಿಂದ ತುತ್ತು ಅವರನ್ನು ಹಳೇ ಮನೆಗೆ ಎಳೆಯುತ್ತದೆ. ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯವನ್ನು (ಅಲ್ಲೂ ಊಟದ ವಿಷಯದಲ್ಲಿ ಬಲಹೀನರ ಮಾತಿದೆ) ತಂದು ಇಲ್ಲಿಗೆ ಹೊಲಿಯುವುದರಿಂದ ಈ ಗೊಂದಲ.

ಪೌಲನ ಈ ಲೆಕ್ಕಾಚಾರ ಎಲ್ಲರಿಗೂ ಹಿಡಿಸಲಿಲ್ಲ ಅನ್ನುವುದೂ ಗೊತ್ತಿರಲಿ. ಅಪೊಸ್ತಲರ ಕೃತ್ಯಗಳು 15, ಪ್ರಕಟನೆ 2, ‘ದಿದಖೆ’ ಅನ್ನುವ ಹಳೇ ಕೈಪಿಡಿ, ಮೂರರಲ್ಲೂ ವಿಗ್ರಹದ ಬಲಿ ಬೇಡ ಅಂತಲೇ ಇದೆ. ಅಂಗಡಿಗೆ ಬೇರೆ, ಮನೆಗೆ ಬೇರೆ ಅನ್ನುವ ರಿಯಾಯಿತಿ ಅಲ್ಲಿಲ್ಲ.

ಇನ್ನು ಹರಕೆ ಕುರಿ. ನಾನು ಚಿಕ್ಕವನಿದ್ದಾಗ ಪಕ್ಕದ ಮನೆಯವರು ಹಬ್ಬದ ಮಾರನೇ ದಿನ ಸ್ಟೀಲ್ ಡಬ್ಬಿಯಲ್ಲಿ ಸಾರು ತಂದುಕೊಡುತ್ತಿದ್ದರು. ಅಮ್ಮ ಏನೂ ಕೇಳುತ್ತಿರಲಿಲ್ಲ, ನಾವು ಉಣ್ಣುತ್ತಿದ್ದೆವು. ಒಂದು ವರ್ಷ ಆ ಅಕ್ಕ ಬಾಗಿಲಲ್ಲೇ ನಿಂತು, ‘ಇದು ಅಮ್ಮನೋರದು, ನಿಮಗೆ ಆಗುತ್ತಾ ಇಲ್ವಾ ಗೊತ್ತಿರಲಿಲ್ಲ’ ಅಂದರು. ಅಮ್ಮನಿಗೆ ಏನು ಹೇಳುವುದು ಅಂತ ತೋಚಲಿಲ್ಲ. ಡಬ್ಬಿ ವಾಪಸ್ ಹೋಯಿತು, ಇಬ್ಬರಿಗೂ ಮುಖ ಸಣ್ಣದಾಯಿತು. ಮುಂದಿನ ವರ್ಷ ಅವರು ಹಬ್ಬದ ಬೆಳಿಗ್ಗೆಯೇ ಬಂದರು. ಕೈಯಲ್ಲಿ ಒಂದು ನಾಟಿ ಕೋಳಿ, ಇನ್ನೂ ಒದ್ದಾಡುತ್ತಿತ್ತು. ‘ಇದು ಗುಡಿಗೆ ಹೋಗಿಲ್ಲ ಅಕ್ಕಾ, ನೀವೇ ಮಾಡಿಕೊಳ್ಳಿ’ ಅಂದರು.