ಎಂಜಿನಿಯರ್ ಅರ್ನೆಸ್ಟ್ ಎನ್‌ಡುಕ್ವೆ ಮೊಬೈಲ್ ಸೇವಾ ಕಂಪನಿ ಎಂಟಿಎನ್ ನೈಜೀರಿಯಾದ ಅಧ್ಯಕ್ಷರಾದದ್ದು ಹೇಗೆ?

ನೈಜೀರಿಯಾದ ಮೊಬೈಲ್ ಮಾರುಕಟ್ಟೆಯನ್ನು ನಿಯಂತ್ರಕರಾಗಿ ಕಟ್ಟಿ ಗಳಿಸಿದ ವಿಶ್ವಾಸಾರ್ಹತೆಯೇ ಅವರನ್ನು ಆ ಹುದ್ದೆಯವರೆಗೆ ಕರೆದೊಯ್ದಿತು ಎಂಬುದು ನನ್ನ ಅಭಿಪ್ರಾಯ.

ಇಫೆ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಮತ್ತು ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಓದಿ, ಖಾಸಗಿ ದೂರಸಂಪರ್ಕ ವಲಯದಲ್ಲಿ ದುಡಿದಿದ್ದ ಎನ್‌ಡುಕ್ವೆ 2000ದಲ್ಲಿ ದೂರಸಂಪರ್ಕ ವಲಯದ ಸರ್ಕಾರಿ ನಿಯಂತ್ರಕ ಸಂಸ್ಥೆಯಾದ ನೈಜೀರಿಯಾ ಸಂವಹನ ಆಯೋಗದ ಮುಖ್ಯಸ್ಥರಾದರು. ಹತ್ತು ಕೋಟಿಗೂ ಹೆಚ್ಚು ಜನರಿದ್ದ ದೇಶದಲ್ಲಿ ಆಗ ಚಾಲ್ತಿಯಲ್ಲಿದ್ದ ದೂರವಾಣಿ ಸಂಪರ್ಕಗಳು ಸುಮಾರು ಐದು ಲಕ್ಷ ಮಾತ್ರ.

ನಿರ್ಣಾಯಕವಾದದ್ದು 2001ರ ಜನವರಿಯ ಮೊಬೈಲ್ ಪರವಾನಗಿ ಹರಾಜು. ಅಲ್ಲಿ ಪ್ರತಿ ಸುತ್ತಿನಲ್ಲೂ ಆಯೋಗವೇ ಬೆಲೆಯನ್ನು ಘೋಷಿಸುತ್ತಿತ್ತು. ಆ ಬೆಲೆಗೆ ಒಪ್ಪುವವರು ಉಳಿಯುತ್ತಿದ್ದರು, ಒಪ್ಪದವರು ಹೊರಗುಳಿಯುತ್ತಿದ್ದರು, ಮತ್ತು ಪರವಾನಗಿಗಳಷ್ಟೇ ಸ್ಪರ್ಧಿಗಳು ಉಳಿಯುವವರೆಗೂ ಬೆಲೆ ಏರುತ್ತಿತ್ತು. ಗೆದ್ದವರೆಲ್ಲರಿಗೂ ಒಂದೇ ದರ ಅನ್ವಯಿಸುತ್ತಿದ್ದುದರಿಂದ ಅಧಿಕಾರಿಗಳ ಮರ್ಜಿಗೆ ಅವಕಾಶವೇ ಇರಲಿಲ್ಲ. ಪ್ರತಿ ಪರವಾನಗಿಗೆ 28.5 ಕೋಟಿ ಡಾಲರ್ ನಿಗದಿಯಾಯಿತು. ಗೆದ್ದ ಒಂದು ಕಂಪನಿ ಗಡುವಿನೊಳಗೆ ಪೂರ್ತಿ ಹಣ ಕಟ್ಟದಿದ್ದಾಗ ಅದು ಪರವಾನಗಿಯನ್ನು ಕಳೆದುಕೊಂಡಿತು. ನಿಯಮ ಎಲ್ಲರಿಗೂ ಒಂದೇ ಎಂಬ ಈ ಭರವಸೆಯಿದ್ದಾಗ ಮಾತ್ರ ಹೂಡಿಕೆದಾರರು ಗೋಪುರಗಳಿಗೂ ಕೇಬಲ್‌ಗಳಿಗೂ ಧೈರ್ಯದಿಂದ ಹಣ ಸುರಿಯುತ್ತಾರೆ. ಎನ್‌ಡುಕ್ವೆ 2010ರಲ್ಲಿ ಆಯೋಗದಿಂದ ನಿರ್ಗಮಿಸುವ ವೇಳೆಗೆ ಸಂಪರ್ಕಗಳ ಸಂಖ್ಯೆ 7 ಕೋಟಿಯನ್ನು ಮೀರಿತ್ತು.

ಅಂದು ಪರವಾನಗಿ ಗೆದ್ದವರಲ್ಲಿ ಎಂಟಿಎನ್ ಕೂಡ ಒಂದು. ಆದರೆ, ಇದನ್ನು ಗಮನಿಸಲೇಬೇಕು, ಅವರು ಅದರ ಅಧ್ಯಕ್ಷರಾದದ್ದು ಸರ್ಕಾರಿ ಹುದ್ದೆ ಬಿಟ್ಟು ಒಂಬತ್ತು ವರ್ಷಗಳ ನಂತರ, 2019ರಲ್ಲಿ.